ಉಪವಾಸದ ಗುಳಿಗೆ

ಸೆಪ್ಟೆಂಬರ್ 14, ಭಾನುವಾರ

ಮಾನ್ಯ ಸಭಾಧ್ಯಕ್ಷರೇ, ತಮ್ಮ ತೂಕದಿಂದಲೇ ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಭಾಷಣದ ನೆಪದಲ್ಲಿ ಊಟಕ್ಕೆ ಬಂದಿರುವ ನನ್ನ ಔಷಧ ವ್ಯಾಪಾರಿ ಬಾಂಧವರೇ, ಊಟವೂ ಬೇಡ ಭಾಷಣವೂ ಬೇಡವೆಂದು ಮೊಬೈಲು ನೋಡುತ್ತಿರುವ ಫಾರ್ಮಸಿ ಕಾಲೇಜಿನ ಮಕ್ಕಳೇ,

ನಾನು ಈ ವೃತ್ತಿಯನ್ನು ಏಕೆ ಆರಿಸಿಕೊಂಡೆ?

ಇಲ್ಲಿಯವರೆಗೆ ಚೆನ್ನಾಗಿದೆ. ಮುಂದಿನದು ಹೊಳೆಯುತ್ತಿಲ್ಲ.

ಎಲ್ಲ ಮಗದುಮ್ ಅಣ್ಣಾನ ಕೆಲಸ. ಮಿರಜದ ಔಷಧ ವ್ಯಾಪಾರಿಗಳ ಸಂಘಕ್ಕೆ ಆತ ಅಧ್ಯಕ್ಷ. ಆತ ಬಿಡಲೊಲ್ಲ, ಬೇರೆಯವರು ಬೇಡಲೊಲ್ಲರು. ಬೆಳಿಗ್ಗೆ ಅಂಗಡಿಗೆ ಬಂದು ಚಹಾ ಕುಡಿದು, ಬಶಿ ಕೆಳಗಿಟ್ಟು, ತೀರ್ಪು ಕೊಟ್ಟ ಹಾಗೆ ಹೇಳಿದ.

"ಫಾರ್ಮಸಿಸ್ಟರ ದಿನ ಇಪ್ಪತ್ತೈದಕ್ಕ ಬರ್ತೈತಿ. ಆದ್ರ ಈಗ ಪಿತೃಪಕ್ಷ, ಆಮ್ಯಾಲ ನವರಾತ್ರಿ. ದಸರಾ ಮುಗಿದ ಮ್ಯಾಲಿನ ರವಿವಾರ ಕಾರ್ಯಕ್ರಮ. ಈ ಸಲ ಭಾಷಣ ನಿಂದು."

"ಅಣ್ಣಾ, ನಾ ಯಾಕ?"

"ಕಾಲೇಜಿನ ಹುಡುಗೂರು ಬರ್ತಾವ. ಈ ಕಸುಬು ಯಾಕ ಹಿಡದಿ ಅಂತ ಹೇಳಬೇಕು. ಅವಕ್ಕ ಸ್ಫೂರ್ತಿ ಬರಬೇಕು."

"ಸ್ಫೂರ್ತಿ ನನ್ನ ಅಂಗಡ್ಯಾಗ ಸ್ಟಾಕ್ ಇಲ್ಲಣ್ಣಾ."

"ಹೋಲ್‌ಸೇಲದಾಗ ತರಿಸು," ಎಂದು ಹೊರಟೇ ಹೋದ.

ಹಾಗಾಗಿ ಈ ಹಳೆಯ ಡೈರಿ ಮತ್ತೆ ಹೊರಬಂತು. ಭಾಷಣವನ್ನು ಮೊದಲು ಕನ್ನಡದಲ್ಲಿ ಬರೆದುಕೊಂಡು ಆಮೇಲೆ ಮರಾಠಿಗೆ ಇಳಿಸಿದರಾಯಿತು. ಇಲ್ಲಿಯವರ ಮರಾಠಿ ಮಾತೂ ಈ ಡೈರಿಗೆ ಬರುವಷ್ಟರಲ್ಲಿ ಕನ್ನಡವಾಗಿರುತ್ತದೆ. ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ಕಲಿತವನಿಗೆ ಯೋಚನೆ ಬರುವುದು ಕನ್ನಡದಲ್ಲೇ. ಲಾಭನಷ್ಟ ಮಾತ್ರ ಮರಾಠಿಯಲ್ಲಿ.

ಸೆಪ್ಟೆಂಬರ್ 16, ಮಂಗಳವಾರ

ಸಭಾಧ್ಯಕ್ಷರೇ, ನಾನು ಚಿಕ್ಕವನಿದ್ದಾಗ ನನ್ನ ತಾಯಿ ಔಷಧವಿಲ್ಲದೆ ನರಳಿ ನರಳಿ ಕಣ್ಣು ಮುಚ್ಚಿದಳು. ಆ ದಿನವೇ ನಾನು ಪಣ ತೊಟ್ಟೆ...

ಇದನ್ನು ನನ್ನ ಹೆಂಡತಿ ಉಜ್ವಲಾಗೆ ಮರಾಠಿಯಲ್ಲಿ ಹೇಳಿ ತೋರಿಸಿದೆ. ಕೊತ್ತಂಬರಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ನಿಮ್ಮವ್ವ ನಿನ್ನೆ ಫೋನಿನಾಗ ಅರ್ಧಾ ತಾಸು ನನ್ನ ಬೈದಾಳ. ಸತ್ತವರು ಅಷ್ಟು ಬೈತಾರೇನು?"

"ಭಾಷಣಕ್ಕಾಗಿ, ಸುಮ್ಮನ."

"ಭಾಷಣಕ್ಕ ಅವ್ವನ್ನ ಕೊಲ್ಲಾವ್ರು, ಸನ್ಮಾನಕ್ಕ ನನ್ನನ್ನ ಕೊಲ್ತೀರಿ. ಖರೇ ಹೇಳ್ರಿ. ಅಪ್ಪನ ಅಂಗಡಿಗೆ ಫಾರ್ಮಸಿಸ್ಟ ಬೇಕಾಗಿದ್ದ, ನನಗ ಗಂಡ ಬೇಕಾಗಿದ್ದ. ಒಂದ ರೊಕ್ಕದಾಗ ಎರಡೂ ಬಂತು."

ಅದೂ ಪೂರ್ತಿ ನಿಜವಲ್ಲ. ಮದುವೆಗೆ ಮೊದಲೇ ನಾನು ಫಾರ್ಮಸಿ ಮುಗಿಸಿದ್ದೆ. ಆದರೆ ಆಸ್ಪತ್ರೆ ಗಲ್ಲಿಯವರೆಲ್ಲ ನಂಬಿರುವುದು ಉಜ್ವಲಾಳ ಕಥೆಯನ್ನೇ. ಅದಕ್ಕೇ ಸಿದಗೊಂಡ ಎಂಬ ನನ್ನ ಹೆಸರು ಇಲ್ಲಿ ಯಾರಿಗೂ ಬೇಕಿಲ್ಲ. ಮಾವನ ಅಂಗಡಿಯಲ್ಲಿ ಕೂತವನು ಇಡೀ ಗಲ್ಲಿಗೆ ಜಾವಯಿಬಾಪು, ಅಳಿಯ ಮಹಾಶಯ. ಎಂಬತ್ತರ ಮುದುಕನೂ ಹಾಗೇ ಕರೆಯುತ್ತಾನೆ, ಅಂಗನವಾಡಿಯ ಕೂಸೂ ಹಾಗೇ ಕರೆಯುತ್ತದೆ.

ಸ್ಫೂರ್ತಿಯ ಬದಲು ಪ್ರಾಸಗಳ ವಿಷಯ ಹೇಳಿದರೆ ಹೇಗೆ? ಅದರಲ್ಲಾದರೂ ನನಗೆ ಹೆಸರಿದೆ. ಗುಳಿಗೆ ಹಾಕಿ ಕೊಡುವ ಕಾಗದದ ಲಕೋಟೆಯ ಮೇಲೆ ನಾನು ಒಂದೊಂದು ಪ್ರಾಸ ಬರೆದುಕೊಡುತ್ತೇನೆ. ಡಾಕ್ಟರರ ಅಕ್ಷರ ದೇವರಿಗೂ ತಿಳಿಯದು. ನನ್ನ ಪ್ರಾಸ ಅಜ್ಜಿಗೂ ನೆನಪಿರುತ್ತದೆ. ರಕ್ತದೊತ್ತಡದ ಬಿಳಿ ಗುಳಿಗೆಯವರಿಗೆ: "ಬೆಳಿಗ್ಗೆ ಎದ್ದು ಬಿಳಿದು, ಬಿಪಿ ಬರ್ತದ ಇಳಿದು." ಸಕ್ಕರೆಯವರಿಗೆ: "ತುತ್ತಿಗಿಂತ ಮೊದಲು ಗುಳಿಗೆ, ಸಕ್ಕರೆ ಇರಲಿ ಡಬ್ಬಿಯ ಒಳಗೆ." ಮರಾಠಿಯಲ್ಲಿ ಇನ್ನೂ ಚೆಂದ ಕೇಳಿಸುತ್ತವೆ. ಹೆಂಗಸರು ಹಾಡಿಕೊಂಡು ಹೋಗುತ್ತಾರೆ.

ಸೆಪ್ಟೆಂಬರ್ 18, ಗುರುವಾರ

ಶೇವಂತಾ ಕಾಕು ಬಂದಿದ್ದಳು. ಭಾಷಣಕ್ಕೆ ಒಳ್ಳೆಯ ಉದಾಹರಣೆ ಸಿಕ್ಕಿತು.

ಗಲ್ಲಿಗೆಲ್ಲ ಚಿಕ್ಕಮ್ಮನಾದ ಈ ಕಾಕು ಎದುರಿನ ನರ್ಸಿಂಗ್ ಹೋಮಿನ ಪಕ್ಕದ ಸಂದಿಯಲ್ಲಿ ಝುಣಕಾ-ಭಾಕ್ರಿ, ಅಂದರೆ ಕಡಲೆಹಿಟ್ಟಿನ ಪಲ್ಯ ಮತ್ತು ಜೋಳದ ರೊಟ್ಟಿ, ಮಾಡಿ ಮಾರುತ್ತಾಳೆ. ರೋಗಿಗಳ ಜೊತೆ ಬಂದವರು ಬದುಕಿರುವುದೇ ಅವಳ ಭಾಕ್ರಿಯ ಮೇಲೆ. ಒಂದು ವರ್ಷದಿಂದ ಬೆರಳ ಕೀಲುಗಳು ಊದಿ, ಹಿಟ್ಟು ತಟ್ಟುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಕೊಲ್ಹಾಪುರದ ಕೀಲು ಡಾಕ್ಟರರು ನೋಡಿ, ಮೆಥೊಟ್ರೆಕ್ಸೇಟ್ ಬರೆದುಕೊಟ್ಟರು. ಹೋದ ಗುರುವಾರವಷ್ಟೇ ಶುರುವಾಗಿದೆ.

ಅದು ಸಾದಾ ಗುಳಿಗೆಯಲ್ಲ. ವಾರಕ್ಕೊಂದು ನುಂಗಿದರೆ ಕೀಲಿಗೆ ಔಷಧ. ದಿನಾ ನುಂಗಿದರೆ ಮೂಳೆಯೊಳಗಿನ ಮಜ್ಜೆಯನ್ನೇ ಒಣಗಿಸುವ ವಿಷ. ಮೊದಲು ಬಾಯಿ ಹುಣ್ಣಾಗುತ್ತದೆ, ಆಮೇಲೆ ರಕ್ತ ಹುಟ್ಟುವುದೇ ನಿಲ್ಲುತ್ತದೆ. ಕಾಲೇಜಿನಲ್ಲಿ ನಮಗೆ ಮೇಷ್ಟ್ರು ಇದನ್ನು ಕೋಲು ಕುಟ್ಟಿ ಹೇಳಿಕೊಟ್ಟಿದ್ದರು. ವಾರ ಮರೆತು ದಿನಾ ನುಂಗಿ ಸತ್ತವರ ಕಥೆಗಳು ನಮ್ಮ ಕಸುಬಿನಲ್ಲಿ ದೆವ್ವದ ಕಥೆಗಳ ಹಾಗೆ ಓಡಾಡುತ್ತವೆ.

ಕಾಕುಗೆ ವಾರ ನೆನಪಿರುವುದಿಲ್ಲ. ದಿನವೂ ಒಲೆ, ದಿನವೂ ಹೊಗೆ. ಆದರೆ ಅವಳು ದತ್ತನ ಭಕ್ತೆ, ಮದುವೆಯಾದಾಗಿನಿಂದ ಗುರುವಾರದ ಉಪವಾಸ ತಪ್ಪಿಸಿದವಳಲ್ಲ. ಅದಕ್ಕೇ ಡಾಕ್ಟರರೂ ಗುರುವಾರ ಗೊತ್ತು ಮಾಡಿದ್ದರು. ಇವತ್ತು ಹತ್ತು ಗುಳಿಗೆಯ ಹೊಸ ಪಟ್ಟಿ ಕೊಡುವಾಗ ಲಕೋಟೆಯ ಮೇಲೆ ನಾನು ಬರೆದೆ:

ಉಪಾಸ ಇದ್ದ ದಿನ ಗುಳಿಗೆ,
ಉಳಿದ ದಿನ ಮುಚ್ಚಳ ಡಬ್ಬಿಗೆ.

ಮೊದಲು "ಗುರುವಾರ" ಎಂಬ ಮಾತೂ ಇತ್ತು. ಲಯ ಕುಂಟುತ್ತಿತ್ತು, ತೆಗೆದೆ.

ಕಾಕು ಎರಡು ಸಲ ಹೇಳಿಸಿಕೊಂಡು, ಹಾಡಿ ನೋಡಿ, ನಕ್ಕಳು.

"ಜಾವಯಿಬಾಪು, ನೀವು ಗುಳಿಗಿ ಮಾರಾವ್ರೋ ಗೋಂಧಳ ಹಾಡಾವ್ರೋ?"

"ಹಾಡಿಗೆ ರೊಕ್ಕ ತಗೋಳ್ಳಂಗಿಲ್ಲ ಕಾಕು, ಅದಕ್ಕ ಗುಳಿಗಿ ಮಾರ್ತೀನಿ."

"ಬೆರಳು ಬಗ್ಗಿದ ದಿನ ನಿಮಗ ನಾನ ಭಾಕ್ರಿ ತಟ್ಟಿ ತಿನಸ್ತೀನಿ. ಉಜ್ವಲಾನ ಭಾಕ್ರಿ ತಿಂದು ತಿಂದು ಮಾರಿ ನೋಡು ಹೆಂಗ ಕಾಗದ ಆಗೇತಿ."

ಸಭಾಧ್ಯಕ್ಷರೇ, ಒಂದು ಪ್ರಾಸ ಒಂದು ಜೀವ ಕಾಯಬಲ್ಲದು. ಈ ವಾಕ್ಯಕ್ಕೆ ಚಪ್ಪಾಳೆ ಬಿದ್ದೇ ಬೀಳುತ್ತದೆ.

ಸೆಪ್ಟೆಂಬರ್ 22, ಸೋಮವಾರ

ಘಟಸ್ಥಾಪನೆ, ನವರಾತ್ರಿ ಶುರು. ಇಡೀ ಗಲ್ಲಿ ಬಿಳಿ ಸೀರೆ ಉಟ್ಟಿತ್ತು. ಒಂಬತ್ತು ದಿನಕ್ಕೆ ಒಂಬತ್ತು ಬಣ್ಣ, ಮೊದಲ ದಿನ ಬಿಳಿ. ನರ್ಸುಗಳಿಗೆ ಮಾತ್ರ ಇವತ್ತು ಖರ್ಚಿಲ್ಲ ಎಂದು ಯಾರೋ ನಗೆಯಾಡಿದರು.

ಉಜ್ವಲಾ ಮೊದಲ ಮತ್ತು ಕೊನೆಯ ದಿನ ಮಾತ್ರ ಉಪವಾಸ ಹಿಡಿಯುತ್ತಾಳೆ. ಕಾಕುವಿನದು ಒಂಬತ್ತೂ ದಿನ. ಬರೀ ಸಾಬೂದಾಣಿ, ಶೇಂಗಾ, ಬಾಳೆಹಣ್ಣು. ಆದರೂ ಊರವರಿಗೆ ಭಾಕ್ರಿ ತಟ್ಟುವುದು ಬಿಟ್ಟಿಲ್ಲ. ತಾನು ತಿನ್ನದೆ ಊರಿಗೆ ಉಣಿಸುವವಳು. ಇದನ್ನೂ ಭಾಷಣದಲ್ಲಿ ಸೇರಿಸಬಹುದು, ಎಲ್ಲಿ ಎಂದು ನೋಡಬೇಕು.

ಸೆಪ್ಟೆಂಬರ್ 25, ಗುರುವಾರ

ಇವತ್ತು ನಮ್ಮ ದಿನ. ಬೆಳಿಗ್ಗೆಯಿಂದ ಮೊಬೈಲಿನಲ್ಲಿ ಗುಲಾಬಿ ಹೂಗಳು, ಕೈಮುಗಿದ ಚಿತ್ರಗಳು. ಕಂಪನಿಯವರೊಬ್ಬರು ಪೆನ್ನು ಕೊಟ್ಟು ಹೋದರು, ಬರೆಯುವುದಿಲ್ಲ.

ಮಧ್ಯಾಹ್ನ ಶೇವಂತಾ ಕಾಕು ಬಂದಳು. ಹಳದಿ ಸೀರೆ. ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

"ಜಾವಯಿಬಾಪು, ಬಾಯಾಗ ಬೆಂಕಿ ಬಿದ್ದಂಗ ಆಗೇತಿ. ನಾಲಿಗಿ ನೋಡ್ರಿ."

ನಾಲಿಗೆಯ ಅಂಚಿನಲ್ಲಿ, ತುಟಿಯ ಒಳಗೆ ಬಿಳಿ ಹುಣ್ಣುಗಳು. ಅಂಗಡಿಯಲ್ಲಿ ಜನ ಜಾತ್ರೆಯಾಗಿತ್ತು.

"ಖಿಚಡಿಗೆ ಮೆಣಸಿನಕಾಯಿ ಎಷ್ಟು ಹಾಕ್ತಿ ಕಾಕು? ದೇವಿ ಹೆದರಿ ಓಡಿ ಹೋಗ್ಯಾಳು."

"ಮೆಣಸಿನಕಾಯಿ ಇಲ್ಲದ ಖಿಚಡಿ ಹೆಣಾ ತಿಂತೈತಿ, ನಾ ತಿನ್ನಂಗಿಲ್ಲ," ಎಂದಳು. ನಗಲು ಹೋಗಿ ನೋವಿಗೆ ಮುಖ ಹಿಂಡಿದಳು.

ಹುಣ್ಣಿಗೆ ಹಚ್ಚುವ ಜೆಲ್ ಕೊಟ್ಟೆ, ಬಿ-ಕಾಂಪ್ಲೆಕ್ಸ್ ಕೊಟ್ಟೆ. ಲಕೋಟೆಯ ಮೇಲೆ ಬರೆದೆ: "ಖಾರ ಬಿಡು, ಹಾಲು ಕುಡಿ, ಬಾಯಿ ಹುಣ್ಣು ಹೊರಗ ನಡಿ." ಹಿಂದೆ ನಿಂತಿದ್ದವರು ನಕ್ಕರು.

ಸಭಾಧ್ಯಕ್ಷರೇ, ಡಾಕ್ಟರ ಬಳಿ ಹೋಗಲು ಹೆದರುವವರು ನಮ್ಮ ಬಳಿ ಬಂದು ನಾಲಿಗೆ ಚಾಚುತ್ತಾರೆ. ಅದಕ್ಕಿಂತ ದೊಡ್ಡ ಪದವಿ ಯಾವುದಿದೆ?

ಚೆನ್ನಾಗಿದೆ. ಇದನ್ನು ಮಧ್ಯದಲ್ಲಿ ಇಡಬೇಕು.

ಸೆಪ್ಟೆಂಬರ್ 27, ಶನಿವಾರ

ಕಾಕು ಮತ್ತೆ ಬಂದಿದ್ದಳು. ಜೆಲ್ ನಾಟಲಿಲ್ಲ. ಮೊಳಕೈ ಕೆಳಗೆ ಎರಡು ಕಡೆ ಕಪ್ಪಗೆ ಕಂದಿದೆ.

"ಎಲ್ಲೆ ಬಡಸ್ಕೊಂಡಿ?"

"ನೆನಪಿಲ್ಲ. ಹಿಟ್ಟಿನ ಬುಟ್ಟಿ ತಗಲಿರಬೇಕು. ವಯಸ್ಸಾತು ಬಾಪು, ಗಾಳಿ ತಗಲಿದ್ರೂ ಕಲಿ ಬೀಳ್ತಾವ."

ಉಪವಾಸದಲ್ಲಿ ಹೀಗಾಗುತ್ತದೆ, ಅಶಕ್ತತೆ. ಮುಲಾಮು ಕೊಟ್ಟೆ. ದಸರಾ ಆದ ಮೇಲೆ ರಕ್ತ ಪರೀಕ್ಷೆ ಮಾಡಿಸೋಣ ಎಂದೆ. ಕಾಕು ಮೆಟ್ಟಿಲಿಳಿಯುವಾಗ ಕಟ್ಟೆ ಹಿಡಿದು ಒಂದು ಕ್ಷಣ ನಿಂತಳು. ಹಾಗೆ ನಿಂತದ್ದನ್ನು ನಾನು ಹಿಂದೆ ನೋಡಿರಲಿಲ್ಲ.

ಬಾಯಿ ಹುಣ್ಣು. ಕಂದಿದ ಕೈ. ಏನೋ ನೆನಪಾಗಬೇಕಿತ್ತು ಎನ್ನುವ ಹಾಗೆ ಸಂಜೆಯವರೆಗೂ ಕಾಡಿತು. ಆಮೇಲೆ ಗಿರಾಕಿಗಳು ಬಂದರು.

ಭಾಷಣ ಎರಡು ಪುಟ ಆಗಿದೆ.

ಸೆಪ್ಟೆಂಬರ್ 30, ಮಂಗಳವಾರ

ಕಾಕುವಿನ ಸೊಸೆ ಸಾರಿಕಾ ಬಂದಿದ್ದಳು. ಅವಳ ಗಂಡ ಧನಾಜಿ ಲಾರಿ ತೆಗೆದುಕೊಂಡು ಗುಜರಾತಿನ ಕಡೆ ಹೋಗಿದ್ದಾನೆ. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ.

"ಜಾವಯಿಬಾಪು, ಅತ್ತಿಯವರ ಉಪಾಸದ ಗುಳಿಗಿ ಮುಗದ್ವು. ಇನ್ನೊಂದ್ ಪಟ್ಟಿ ಕೊಡ್ರಿ. ನಾಳಿನ ದಿನದ್ದು ಬೇಕಲ್ಲ."

"ಮುಗದ್ವು ಅಂದ್ರ?"

"ದಿನಾ ಒಂದ್ ತಗೊಂಡಾರ. ಉಪಾಸ ಇದ್ದ ದಿನ ಗುಳಿಗಿ ಅಂತ ನೀವ ಬರದಿದ್ರೆಲ್ಲ? ಘಟ ಕುಂತ ದಿನದಿಂದ ಒಂದ್ ದಿನಾನೂ ತಪ್ಪಿಸಿಲ್ಲ. ಬಾಯಿ ಹುಣ್ಣಾಗಿ ನೀರ್ ಇಳೀವಲ್ದು, ಅಳಕೋತ ನುಂಗ್ತಾರ. ಜಾವಯಿಬಾಪು ಹೇಳ್ಯಾರ, ಬಿಡಬಾರದು ಅಂತಾರ."

ಅವಳ ಕೈಯಲ್ಲಿ ಖಾಲಿ ಪಟ್ಟಿ, ನನ್ನ ಲಕೋಟೆ.

ಸ್ಟಾಕ್ ಇಲ್ಲ ಎಂದೆ. ಇನ್ನು ಬೇಡ, ನವರಾತ್ರಿ ಮುಗಿಯುತ್ತ ಬಂತಲ್ಲ, ಈಗ ನಿಲ್ಲಿಸಿಬಿಡಿ ಎಂದೆ. ಶಕ್ತಿಗೆಂದು ಫೋಲಿಕ್ ಗುಳಿಗೆ ಕೊಟ್ಟೆ. ಹಳೆಯ ಲಕೋಟೆ ಕೊಳೆಯಾಗಿತ್ತು, ಇಟ್ಟುಕೊಂಡು ಹೊಸದು ಕೊಟ್ಟೆ. ಹೊಸದರ ಮೇಲೆ ಏನೂ ಬರೆಯಲಿಲ್ಲ.

"ಜ್ವರಾನೂ ಅದಾವ್ರಿ," ಎಂದಳು ಹೋಗುವಾಗ.

ನಿಲ್ಲಿಸಿದೆನಲ್ಲ. ನಿಲ್ಲಿಸಿದ ಮೇಲೆ ದೇಹ ತಾನೇ ಸರಿಪಡಿಸಿಕೊಳ್ಳುತ್ತದೆ. ಕಾಕು ಗಟ್ಟಿ ಜೀವ. ಸುಮ್ಮನೆ ಹೆದರಿಸಿ ಏನು ಪ್ರಯೋಜನ?

ಅಕ್ಟೋಬರ್ 1, ಬುಧವಾರ

ಕಾಕುವನ್ನು ಎದುರಿನ ನರ್ಸಿಂಗ್ ಹೋಮಿಗೆ ಸೇರಿಸಿದ್ದಾರೆ. ಒಲೆಯ ಮುಂದೆ ಕೂತವಳು ಏಳಲಿಲ್ಲವಂತೆ.

ಚೀಟಿ ನನ್ನ ಅಂಗಡಿಗೇ ಬಂತು. ಸಲಾಯಿನ್, ಜ್ವರದ ಇಂಜೆಕ್ಷನ್, ಆ್ಯಂಟಿಬಯಾಟಿಕ್. ಬಿಳಿಯ ಕಣ ಕಡಿಮೆ, ಪ್ಲೇಟ್‌ಲೆಟ್ ಕಡಿಮೆ. ಡೆಂಗೆ ಎಂದಿದ್ದಾರೆ ಡಾಕ್ಟರು. ಈ ಗಲ್ಲಿಯಲ್ಲಿ ಈ ತಿಂಗಳು ಡೆಂಗೆ ಸಾಕಷ್ಟಿದೆ. ಹಾಗೆ ಅನ್ನಿಸುವುದು ಸಹಜ.

"ಬ್ಯಾರೆ ಏನರ ಗುಳಿಗಿ ತಗೋತಾರೇನು ಅಂತ ಕೇಳಿದ್ರು," ಎಂದಳು ಸಾರಿಕಾ. "ಏನಿಲ್ಲ, ಶಕ್ತಿ ಗುಳಿಗಿ ಅಷ್ಟ ಅಂದೆ. ಉಪಾಸದ್ದು ಹೆಂಗೂ ನಿಂತೈತಲ್ಲ?"

ಹೂಂ ಎಂದೆನೋ, ಬರೀ ತಲೆಯಾಡಿಸಿದೆನೋ.

ಆ ಗುಳಿಗೆಯ ವಿಷವನ್ನು ತಿರುಗಿಸಲು ಒಂದು ಇಂಜೆಕ್ಷನ್ ಇದೆ. ಬೇಗ ಕೊಟ್ಟಷ್ಟೂ ಒಳ್ಳೆಯದು. ನಮ್ಮಲ್ಲಿ ಇಡುವುದಿಲ್ಲ, ದೊಡ್ಡ ಆಸ್ಪತ್ರೆಯವರಷ್ಟೇ ತರಿಸುವುದು. ಸಾಂಗಲಿಯ ಹೋಲ್‌ಸೇಲಿಗೆ ಫೋನು ಮಾಡಿ ತರಿಸಿದೆ. ಸಂಜೆಯ ಚೀಲದಲ್ಲಿ ಬಂತು. ಫ್ರಿಜ್ಜಿನಲ್ಲಿಟ್ಟಿದ್ದೇನೆ. ಡಾಕ್ಟರು ಬರೆದರೆ ತಕ್ಷಣ ಕೊಡಬಹುದು. ಚೀಟಿಯಿಲ್ಲದೆ ನಾವು ಕೊಡುವ ಹಾಗಿಲ್ಲ. ಅದು ಕಾನೂನು.

ಅಕ್ಟೋಬರ್ 2, ಗುರುವಾರ

ದಸರಾ. ಅಂಗಡಿ ಪೂಜೆ. ನಮ್ಮ ಬನ್ನಿಯ ಬದಲು ಇಲ್ಲಿಯ ಆಪ್ಟೆಯ ಎಲೆ ಕೊಟ್ಟು ಬಂಗಾರದಂತಿರಿ ಅಂದರು, ನಾನೂ ಅಂದೆ.

ಕಸದ ಗಾಡಿ ಬಂದಿತ್ತು. ಹಳೆಯ ಡಬ್ಬಿ, ರಟ್ಟು, ಆ ಲಕೋಟೆ ಎಲ್ಲ ಹೋದವು. ಹಬ್ಬಕ್ಕೆ ಅಂಗಡಿ ಸ್ವಚ್ಛವಾಗಿದ್ದರೆ ಒಳ್ಳೆಯದು.

ಕಾಕುವಿಗೆ ಡೆಂಗೆ ಪರೀಕ್ಷೆ ಇಲ್ಲವೆಂದು ಬಂದಿದೆಯಂತೆ. ಒಮ್ಮೊಮ್ಮೆ ಹಾಗೆ ಬರುತ್ತದೆ ಎಂದರಂತೆ ಡಾಕ್ಟರು.

ಇಂಜೆಕ್ಷನ್ ಯಾರೂ ಕೇಳಿಲ್ಲ.

ಅಕ್ಟೋಬರ್ 3, ಶುಕ್ರವಾರ

ಬೆಳಿಗ್ಗೆ ಸಾರಿಕಾ ಓಡಿ ಬಂದಳು. ಕೂದಲು ಕಟ್ಟಿರಲಿಲ್ಲ.

"ರಕ್ತ ಬೇಕಂತ್ರಿ. ಇವರ ಫೋನ್ ಹತ್ತವಲ್ದು. ನಂದು ಕೂಡಂಗಿಲ್ಲ. ಯಾರನ್ನ ಕೇಳ್ಲಿ ನಾ?"

ಕಾಕುವಿನದೂ ನನ್ನದೂ ಒಂದೇ ಗುಂಪು. ಅಂಗಡಿಗೆ ಉಜ್ವಲಾಳನ್ನು ಕೂರಿಸಿ ಹೋದೆ. ರಕ್ತನಿಧಿಯಲ್ಲಿ ಮಲಗಿಸಿ ಸೂಜಿ ಚುಚ್ಚಿದರು. ನೋವಾಗಲಿಲ್ಲ. ಬಿಸ್ಕತ್ತು ಕೊಟ್ಟರು, ತಿಂದೆ.

ಬಾಟಲಿ ಹಿಡಿದುಕೊಂಡು ನಾನೇ ನರ್ಸಿಂಗ್ ಹೋಮಿಗೆ ಹೋದೆ. ಕಾಕುವಿನ ತುಟಿಯ ಮೇಲೆ ಒಣಗಿದ ರಕ್ತ. ಬಾಯಿ ತೆರೆಯಲಾಗದೆ ಮೂಗಿನಿಂದಲೇ ಏನೋ ಅಂದಳು. ಬಗ್ಗಿ ಕೇಳಿದೆ.

"ನಿಮ್ಮ ಗುಳಿಗಿ... ಬಿಟ್ಟಿಲ್ಲ ಬಾಪು," ಎಂದಳು.

ಸಾರಿಕಾ ನನ್ನ ಕಾಲಿಗೆ ಬಿದ್ದಳು. ಹೆತ್ತ ಮಗ ದೂರ ಇದ್ದಾನೆ, ನೀವೇ ಮಗನಾದಿರಿ ಎಂದು ಅತ್ತಳು. ಅಲ್ಲೇ ಬಾಗಿಲಲ್ಲಿ ಡಾಕ್ಟರು ನಿಂತಿದ್ದರು. ನನ್ನ ಬೆನ್ನು ತಟ್ಟಿ, "ನಿಮ್ಮಂಥಾವ್ರು ಈ ಗಲ್ಲಿಯೊಳಗ ಇರಬೇಕು ನೋಡ್ರಿ," ಎಂದರು.

"ಡಾಕ್ಟರ," ಎಂದೆ.

"ಹೇಳ್ರಿ."

"ಇನ್ನೊಂದ್ ಬಾಟಲಿ ಬೇಕಾದ್ರ ಹೇಳ್ರಿ. ಹುಡುಗೂರನ್ನ ಕಳಸ್ತೀನಿ."

ರಸ್ತೆ ದಾಟಿ ಬಂದು ಕೌಂಟರಿನ ಹಿಂದೆ ಕೂತಮೇಲೆ ಉಸಿರು ಸರಿಯಾಯಿತು.

ಉಜ್ವಲಾ ನೀರು ಕೊಟ್ಟು ನನ್ನನ್ನೇ ನೋಡುತ್ತಿದ್ದಳು.

"ಎರಡ್ಮೂರು ದಿನ ಆತು, ನಿಮ್ಮ ಬಾಯಾಗ ಒಂದ್ ಪ್ರಾಸ ಬಂದಿಲ್ಲ. ಇವತ್ತ ಬಂದ ಗಿರಾಕಿಗೂಳು ನನ್ನ ಕೇಳಿದ್ರು, ಯಾಕ ಲಕೋಟೆ ಖಾಲಿ ಅಂತ."

ನನಗೆ ಹಾಗೇನೂ ಅನ್ನಿಸಿರಲಿಲ್ಲ. ಹಬ್ಬದ ಗಡಿಬಿಡಿ.

ಅಕ್ಟೋಬರ್ 4, ಶನಿವಾರ

ಮಗದುಮ್ ಅಣ್ಣಾನಿಗೆ ರಕ್ತದ ಸುದ್ದಿ ಮುಟ್ಟಿದೆ. ಫೋನು ಮಾಡಿದ್ದ.

"ನಾಳೆ ಭಾಷಣದ ಜೋಡಿ ನಿನಗ ಶಾಲೂ ಐತಿ. ಗಿರಾಕಿಗೆ ರಕ್ತ ಕೊಟ್ಟ ಅಂಗಡಿಕಾರ! ಪೇಪರಿನವರನ್ನ ಕರದೇನಿ."

"ಶಾಲು ಬ್ಯಾಡಣ್ಣಾ."

"ಬ್ಯಾಡ ಅನ್ನಾವ್ಗ ಹೊಚ್ಚಬೇಕು. ಆ ಮುದುಕಿ ಆರಾಮ ಆಗಿದ್ರ ಅಕಿನ್ನೂ ಕರ್ಕೊಂಡ ಬಾ, ಫೋಟೋಕ್ಕ ಚಂದ ಕಾಣ್ತೈತಿ."

ಕಾಕುವಿಗೆ ಆರಾಮಿಲ್ಲ. ಗಂಟಲಿನಿಂದ ರಕ್ತ ಬರುತ್ತಿದೆಯಂತೆ. ಜ್ವರ ಇಳಿದಿಲ್ಲ. ಎರಡನೆಯ ಸಲವೂ ಡೆಂಗೆ ಇಲ್ಲವೆಂದು ಬಂತು.

ಅವರೇ ಕಂಡುಹಿಡಿಯುತ್ತಾರೆ. ಅವರು ಓದಿದವರು. ನಾನು ಚೀಟಿ ನೋಡಿ ಕೊಡುವವನು.

ಫ್ರಿಜ್ಜಿನ ಬಾಗಿಲು ತೆಗೆದಾಗಲೆಲ್ಲ ಆ ಡಬ್ಬಿ ಕಣ್ಣಿಗೆ ಬೀಳುತ್ತಿತ್ತು. ಇನ್ಸುಲಿನ್ ಪೆಟ್ಟಿಗೆಗಳ ಹಿಂದಕ್ಕೆ ಸರಿಸಿದೆ.

ಅಕ್ಟೋಬರ್ 5, ಭಾನುವಾರ, ಬೆಳಿಗ್ಗೆ

ಮಾನ್ಯ ಸಭಾಧ್ಯಕ್ಷರೇ, ಗಣ್ಯರೇ, ಬಾಂಧವರೇ, ಮಕ್ಕಳೇ,

ನಾನು ಈ ವೃತ್ತಿಯನ್ನು ಏಕೆ ಆರಿಸಿಕೊಂಡೆ ಎಂದು ಕೇಳಿದಿರಿ. ಸೇವೆಗಾಗಿ ಎಂದು ಬರೆದೆ, ಹೊಡೆದುಹಾಕಿದೆ. ತಾಯಿಗಾಗಿ ಎಂದು ಬರೆದೆ, ಹೊಡೆದುಹಾಕಿದೆ. ಮಕ್ಕಳೇ, ನಿಮಗಾದರೂ ಸರಿಯಾಗಿ ಹೇಳುತ್ತೇನೆ. ನನಗೆ ಡಾಕ್ಟರನಾಗುವಷ್ಟು ಅಂಕವೂ ಇರಲಿಲ್ಲ, ಎದೆಯೂ ಇರಲಿಲ್ಲ. ಬಿಳಿ ಅಂಗಿ ಬೇಕಿತ್ತು, ಜನರ ನಮಸ್ಕಾರ ಬೇಕಿತ್ತು. ಆದರೆ ರೋಗಿ ಸತ್ತರೆ ಯಾರೂ ನನ್ನ ಕಡೆ ತಿರುಗಿ ನೋಡಬಾರದಿತ್ತು. ಚೀಟಿಯ ಮೇಲೆ ಡಾಕ್ಟರನ ಹೆಸರು, ಪಟ್ಟಿಯ ಮೇಲೆ ಕಂಪನಿಯ ಹೆಸರು. ನನ್ನದು ಎಲ್ಲಿಯೂ ಇಲ್ಲ. ನೋವಿಗೆ ಹತ್ತಿರ, ಹೊಣೆಗೆ ದೂರ, ನಡುವೆ ಒಂದು ಗಾಜಿನ ಕೌಂಟರು. ಇದಕ್ಕಿಂತ ಸುರಕ್ಷಿತ ಜಾಗ ಲೋಕದಲ್ಲಿಲ್ಲವೆಂದು ಹತ್ತೊಂಬತ್ತನೆಯ ವಯಸ್ಸಿನಲ್ಲೇ ನನಗೆ ಹೊಳೆದಿತ್ತು. ಇಷ್ಟು ವರ್ಷ ಅದು ನಿಜವೂ ಆಗಿತ್ತು.

ಸಭಾಧ್ಯಕ್ಷರೇ, ಒಬ್ಬರಿಗೆ ಒಂದು ಬಾಟಲಿ ರಕ್ತ ಕೊಡುವುದು ಸುಲಭ. ಒಂದು

ಸಾರಿಕಾ ನಮ್ಮ ಮನೆಯ ಕೆಳಗೆ, ಅಂಗಡಿಯ ಮುಂದೆ ನಿಂತು ಕೂಗುತ್ತಿದ್ದಾಳೆ.

"ಜಾವಯಿಬಾಪು! ಇಳೀರಿ ಲಗೂನ! ಸಾಂಗಲಿಯಿಂದ ದೊಡ್ಡ ಡಾಕ್ಟರ್ನ ಕರಸ್ಯಾರ. ಅತ್ತಿಯವರು ಒಂದ ತಿಂಗಳದಾಗ ಏನೇನ್ ಗುಳಿಗಿ ನುಂಗ್ಯಾರ ಅಂತ ಕೇಳಾಕತ್ತಾರ. ನನಗ ಹೆಸರು ಬರವಲ್ವು. ಜಾವಯಿಬಾಪುಗ ಗೊತ್ತಿರ್ತೈತಿ ಅಂತ ಹೇಳೇನಿ. ನಿಮಗ ಗೊ‌ತ್ತೈತೆಲ್ರಿ?"

ಸಭೆಯೂ ಇಲ್ಲ, ಅಧ್ಯಕ್ಷರೂ ಇಲ್ಲ. ಕಾಕುವಿಗೆ ಡೆಂಗೆ ಅಲ್ಲ. ನಾನು ಕೊಟ್ಟ ಗುಳಿಗೆ, ನಾನು ಬರೆದ ಹಾಗೆಯೇ ನುಂಗಿದ್ದಾಳೆ. ಮಂಗಳವಾರದಿಂದ ನನಗೆ ಗೊತ್ತಿದೆ. ಅವಳು ಸಾಯುವ ಮೊದಲು ಯಾರೂ ಕೇಳದಿರಲಿ ಎಂದು ಕಾಯುತ್ತಿದ್ದೆ.